ಬರೆದು ಕಳಿಸುವವರಿಗೆ

ನಮ್ಮ ಪತ್ರಿಕೆ ಅಂದರೆ ಎರಡು ಹಾಳೆ, ನಡುವೆ ಒಂದು ಮಡಿಕೆ.
ತಿಂಗಳ ಮೊದಲ ಶನಿವಾರ ಪೊಟೊಸಿಯ ಗಣಿಬಾಯಲ್ಲಿ
ಕೋಕಾ ಎಲೆ ಮಾರುವವಳ ಪಕ್ಕ ನಿಂತು ಹಂಚುತ್ತೇವೆ.
ಕೆಲವರು ಓದುತ್ತಾರೆ.
ಕೆಲವರು ಅದರಲ್ಲೇ ಎಲೆ ಕಟ್ಟಿಸಿಕೊಂಡು ಒಳಗಿಳಿಯುತ್ತಾರೆ.
ಎರಡಕ್ಕೂ ಒದಗುವ ಹಾಗೆ ಬರೆಯಿರಿ:
ಪೊಟ್ಟಣ ಕಟ್ಟಿದ ಮೇಲೂ
ಒಂದು ಉಪಯೋಗದ ಸಾಲು ಹೊರಗೆ ಕಾಣಬೇಕು.

ಎಂಟುನೂರು ಪದ ದಾಟಬೇಡಿ.
ಒಂದೇ ಉಸಿರಿಗೆ ಅದಕ್ಕಿಂತ ಹೆಚ್ಚು ಓದುವವರು ಇಲ್ಲಿಲ್ಲ.
ಉಸಿರು ಅಂದದ್ದು ಅಲಂಕಾರಕ್ಕಲ್ಲ.

ಗುಣವಾಯಿತಂತೆ, ಕೆಮ್ಮು ನಿಂತೇಹೋಯಿತಂತೆ,
ಮರುದಿನವೇ ಎದ್ದು ಕುಣಿದನಂತೆ.
ಈ 'ಅಂತೆ' ನಮ್ಮ ಕೆಚುವಾ ಮಾತಿಗೂ ಇದೆ,
ಪದಕ್ಕಂಟಿದ ಪುಟ್ಟ ಬಾಲ.
ಅದನ್ನು ಕತ್ತರಿಸಿ ಜಾಣತನ ತೋರಬೇಡಿ.
ಬಾಲ ಹಿಡಿದು ಹಿಂದಕ್ಕೆ ಹೋಗಿ,
ತುದಿಯಲ್ಲಿ ಯಾರಿದ್ದಾರೆ ನೋಡಿ ಬನ್ನಿ.
ಯಾರೂ ಇಲ್ಲದಿದ್ದರೆ ಲೇಖನವೂ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಹೇಳುವುದಿಲ್ಲ;
ಈ ಎತ್ತರದಲ್ಲಿ ಹಿತ್ತಿಲೇ ಇಲ್ಲ.
ಆದರೆ ಚಿಟಿಕೆ ಎಂದು ಬರೆದರೆ, ಯಾರ ಚಿಟಿಕೆ?
ಸೆವೆರೊನ ಹೆಬ್ಬೆರಳು ಡೈನಮೈಟಿಗೆ ಅರ್ಧ ಹೋಗಿದೆ,
ಅವನ ಮಗಳಿಗೆ ಆರು ವರ್ಷ.
ಚಮಚದ ಲೆಕ್ಕದಲ್ಲಿ ಬರೆಯಿರಿ.

ಮಾತ್ರೆ ಕಂಪನಿಯವರು ಊಟ ಹಾಕಿಸಿದ್ದರೆ ತಿಳಿಸಿ.
ಏನೇನು ಬಡಿಸಿದರು ಅಂತಲೂ. ಸೂಪು ಸೇರಿಸಿ.

ಏಳನೆಯ ನಿಯಮ ಈಗಿಲ್ಲ.
ಮೊದಲ ವರ್ಷ, ಹೊಸ ಮೇಜಿನ ಹುರುಪಿನಲ್ಲಿ ನಾನೇ ಬರೆದದ್ದು:
'ಹಾಳೆಯ ಒಂದೇ ಮಗ್ಗುಲಿಗೆ ಟೈಪು ಮಾಡಿರಬೇಕು.
ಬೇರೆ ರೂಪದಲ್ಲಿ ಬಂದದ್ದನ್ನು ಹಿಂತಿರುಗಿಸಲಾಗುವುದು.'
ಜೂನ್ ಚಳಿಯಲ್ಲಿ ಎಪಿಫಾನಿಯಾ ಯುಸ್ಕೊ ಎಂಬಾಕೆಯಿಂದ
ಒಂದು ಉಣ್ಣೆಯ ದಾರ ಬಂತು. ಉದ್ದಕ್ಕೂ ಗಂಟು.
ನಿಯಮಗಳ ಪ್ರತಿಯೊಂದನ್ನು ಲಗತ್ತಿಸಿ ವಾಪಸು ಕಳಿಸಿದೆ.
ಓದಲು ಬಾರದವಳಿಗೆ.

ಆಗಸ್ಟಿನಲ್ಲಿ ಅದೇ ದಾರ ಮತ್ತೆ ಬಂತು, ಇನ್ನೂ ಉದ್ದವಾಗಿ.
ತಂದುಕೊಟ್ಟ ಹುಡುಗ ಬಾಗಿಲಲ್ಲೇ ನಿಂತು ಹೇಳಿದ:
ಬಿಳಿ ಗಂಟು ಅಪ್ಪನ ಒಂದು ಕೆಮ್ಮು.
ಕೆಂಪು ಗಂಟು ಬಂದಲ್ಲಿ ಬೆಳಗಾಯಿತು.
ಮೇಜಿನ ಮೇಲೆ ಹರಡಿ ನಾವು ಮೂವರು ಎಣಿಸಿದೆವು,
ಲೆಕ್ಕ ತಪ್ಪಿ ಮೊದಲಿನಿಂದ, ಮತ್ತೆ ತಪ್ಪಿ ಮತ್ತೆ.
ಕೊನೆಯ ಗಂಟಿನಾಚೆ
ಒಂದು ಗೇಣು ಬರೀ ದಾರ.

ಆ ತಿಂಗಳು ಮುಖಪುಟದಲ್ಲಿ ಒಂದೇ ಸಾಲು ಹಾಕಿದೆವು:
ಒಂದು ರಾತ್ರಿಗೆ ಮುನ್ನೂರ ಹನ್ನೆರಡು.
ಅಂಕಿಗೆಲ್ಲ ಆಧಾರ ಕೊಡಬೇಕೆಂಬುದು ನಾಲ್ಕನೆಯ ನಿಯಮ,
ಅದು ಇಂದಿಗೂ ಇದೆ. ಕೊಟ್ಟೆವು.
ಆಧಾರ: ಹೆಂಡತಿ, ಪಕ್ಕದಲ್ಲಿ ಮಲಗಿದ್ದವಳು.

ಹಾಗಾಗಿ, ಬರೆಯಲು ಬಾರದವರು ಬನ್ನಿ.
ಸಂಜೆ ನಾಲ್ಕರಿಂದ ಆರರವರೆಗೆ ಹಿಲಾರಿಯಾ ಇರುತ್ತಾಳೆ,
ನೀವು ಹೇಳಿದ್ದನ್ನು ಬರೆದು ನಿಮಗೇ ಓದಿ ಹೇಳುತ್ತಾಳೆ.
ನೀವು ಹೂಂ ಅನ್ನುವವರೆಗೆ ಅದು ಅಚ್ಚಿಗೆ ಹೋಗದು.
ಹೆಸರು ಬೇಡವೆಂದರೆ ಹೆಸರಿಲ್ಲ. ಬೇಡವೆಂದ ಮೇಲೆ
ಊರು, ಬೀದಿ, ಟೋಪಿಯ ಬಣ್ಣ, ಯಾವುದೂ ಇಲ್ಲ;
ಇಲ್ಲಿ ಟೋಪಿಯಿಂದಲೇ ಜನ ಗುರುತು ಹಿಡಿಯುತ್ತಾರೆ.

ಸಂಭಾವನೆ ಕೊಡಲಾರೆವು.
ಬಿಸಿ ಚಹಾ ಇದೆ, ಸಕ್ಕರೆ ಮುಗಿಯದ ದಿನಗಳಲ್ಲಿ ಸಕ್ಕರೆಯೂ.

ವಿಳಾಸ: ಔಷಧಿ ಅಂಗಡಿಯ ಮೇಲೆ, ಮೂರನೆಯ ಮಹಡಿ.
ಐವತ್ತೆರಡು ಮೆಟ್ಟಿಲು, ಕಡಿದು.
ಗಣಿಯಲ್ಲಿ ಹತ್ತು ವರ್ಷ ಕಳೆದವರು ಹತ್ತಬೇಡಿ.
ಕೆಳಗೆ ಬಾಗಿಲ ಪಕ್ಕ ಹಗ್ಗ ಕಟ್ಟಿದ ಗಂಟೆಯಿದೆ,
ಒಮ್ಮೆ ಎಳೆದು ಬೆಂಚಿನ ಮೇಲೆ ಕೂತಿರಿ.
ನಾವೇ ಇಳಿದು ಬರುತ್ತೇವೆ.